ಟೈಪ್ ಮಾಡುವಾಗ ಬಡಿಸಿದ ಊಟ

ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಅವರ ಮಾತಿನಿಂದ ತಿಳಿದಂತೆ, ಒಬ್ಬಾಕೆ ನೂರು ವರ್ಷ ಹಳೆಯ ಕಾದಂಬರಿಯೊಂದನ್ನು ಮರುಮುದ್ರಣಕ್ಕೆಂದು ಟೈಪ್ ಮಾಡಿದವಳು, ಇನ್ನೊಬ್ಬರು ಅದರ ಕರಡು ತಿದ್ದಿದ ಮೇಷ್ಟ್ರು. ಪ್ರೆಸ್ಸಿಗೆ ಹೋಗಬೇಕಾದ ಲಕೋಟೆ ಮೇಷ್ಟ್ರ ಕೈಯಲ್ಲಿತ್ತು.

"ಅಲ್ಲಮ್ಮಾ, ಹಳೇ ಪ್ರತೀಲಿ ಆ ಹುಡುಗಿ ಹಸ್ಕೊಂಡೇ ಮಲಗ್ತಾಳೆ. ನಿನ್ನ ಪ್ರತೀಲಿ ಹೊಟ್ಟೆ ತುಂಬ ಉಂಡು ಮಲಗಿದಾಳೆ!"

"ನಾನೇ ಬಡಿಸ್ದೆ ಸಾರ್. ಹಾಗೇ ಮಲಗಿಸೋಕೆ ಮನಸ್ಸು ಬರ್ಲಿಲ್ಲ."

"ಬರೆದೋರು ಎದ್ದು ಬಂದು ಕೇಳಿದ್ರೆ?"

"ಮಗು ಉಪವಾಸ ಇತ್ತು, ನಿಮಗೆ ಕಾಣಿಸ್ಲಿಲ್ವಾ ಅಂತೀನಿ."

"ಕಾಣಿಸಿದ್ದಕ್ಕೇ ಬರೆದ್ರು ಕಣಮ್ಮಾ. ಆ ಪುಟ ಓದಿದ ದಿನ ನಮ್ಮಮ್ಮ ಒಲೆ ಮೇಲೆ ದೊಡ್ಡ ಪಾತ್ರೆ ಇಟ್ಟಳು, ಬೀದಿ ಮಕ್ಕಳಿಗೆಲ್ಲ ಆಗೋವಷ್ಟು. ಪುಸ್ತಕದಲ್ಲೇ ನೀನು ಊಟ ಹಾಕಿಬಿಟ್ರೆ, ಓದಿದೋರು ಯಾಕೆ ಎದ್ದು ಒಲೆ ಹಚ್ತಾರೆ?"

ಆಕೆ ಅವರ ಕೈಯಿಂದ ಲಕೋಟೆ ತೆಗೆದುಕೊಂಡು ಬಿಡಿಸಿ, ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಎಳೆದುಕೊಂಡು, ತಾನು ಸೇರಿಸಿದ್ದ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕಿದಳು. ಹಿಂದಿನವರು ಗೊಣಗಿದರೂ ತಿರುಗಲಿಲ್ಲ.

ಲಕೋಟೆ ಕೊಟ್ಟು ಹೊರಡುವಾಗ ಕೇಳಿದಳು:

"ಆ ಪಾತ್ರೆ ಇನ್ನೂ ಇದೆಯಾ ಸಾರ್?"

"ಅಟ್ಟದ ಮೇಲಿರಬೇಕು. ಯಾಕೆ?"

"ಇವತ್ತೇ ಇಳಿಸಿ, ತೊಳೆದಿಡಿ. ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ."