ಏಳು ಸ್ವರ, ನಾಲ್ಕು ತಂತಿ

ವಿಜಯನಗರ ಮೆಟ್ರೊದಲ್ಲಿ ಬ್ಯಾಗು ತಪಾಸಣೆಯ ಸಾಲು ನಿಂತಿತ್ತು. ನನ್ನ ಮುಂದೆ ಬಾಸ್ ಗಿಟಾರ್ ಹೊತ್ತ ಹುಡುಗ, ಪುಟ್ಟ ಗಿಟಾರಿನಂಥ ಯುಕುಲೆಲೆ ಹಿಡಿದ ಹುಡುಗಿ. ಒಂದೇ ಬ್ಯಾಂಡಿನವರು.

"ಭಾನುವಾರದ ಶೋಗೆ ನೀನು ಬೇಡ, ಚೈತ್ರ. ಇದು ಜಾಜ್, ಬರ್ತ್‌ಡೇ ಪಾರ್ಟಿ ಅಲ್ಲ," ಎಂದ ಹುಡುಗ.

"ಏನ್ ತಪ್ಪು ನುಡಿಸ್ದೆ?"

"ಜಿ ಥರ್ಟೀನ್ ಕಾರ್ಡಲ್ಲಿ ಒಟ್ಟಿಗೆ ನುಡಿಸೋ ಏಳು ಸ್ವರ ಇದೆ. ನಿನ್ನ ಆಟದ ಸಾಮಾನಲ್ಲಿ ನಾಲ್ಕೇ ತಂತಿ."

"ಅದಕ್ಕೇ ಮುಖ್ಯವಾದ ನಾಲ್ಕು ಇಟ್ಕೊಂಡು ಮೂರು ಬಿಡ್ತೀನಿ. ಎಲ್ರೂ ಹಂಗೇ ಮಾಡೋದು ಕಣೋ."

"ಬಿಟ್ಟಿದ್ದು ಯಾವ್ದು? ಜಿ. ಹೆಸರಲ್ಲಿರೋ ಸ್ವರಾನೇ ಬಿಟ್ಟಿದೀಯ. ಇವತ್ತು ಪ್ರಾಕ್ಟೀಸಲ್ಲಿ ಆ ಜಾಗ ಬಂದಾಗೆಲ್ಲ ಕೆಳಗೆ ಟೊಳ್ಳು ಕೇಳಿಸ್ತಿತ್ತು."

"ಕೆಳಗಿನ ಜಿ ನುಡಿಸೋದು ಯಾರ ಕೆಲ್ಸ, ಭೈರೇಶ್?"

ಅವನು ಗಿಟಾರಿನ ಚೀಲವನ್ನು ಯಂತ್ರದ ಪಟ್ಟಿಯ ಮೇಲಿಟ್ಟ.

"ಬ್ಯಾಂಡಲ್ಲಿ ಬಾಸ್ ಇದೆ, ಕೆಳಗಿನ ಜಿ ನೀನೇ ನೋಡ್ಕೋತೀಯ ಅಂತ ಬಿಟ್ಟೆ. ನೀನು ಅಲ್ಲಿ ಏನ್ ನುಡಿಸ್ತಿದ್ದೆ?"

"ಡಿ. ಜಿ ಅಲ್ಲ."

"ಟೊಳ್ಳು ಅಂತ ಗೊತ್ತಾಯ್ತಲ್ಲ, ಕಿವಿ ಚೆನ್ನಾಗಿದೆ. ಕೈ ಮಾತ್ರ ನೋಡ್ಕೋ."

"ಭಾನುವಾರ ನಾಲ್ಕಕ್ಕೆ ಬಾ," ಎಂದ, ಅವಳ ಮುಖ ನೋಡದೆ.

"ನಾನು ಬರ್ತೀನಿ. ನೀನು ಜಿ ತಗೊಂಡ್ ಬಾ."

ತಮ್ಮ ತಮ್ಮ ವಾದ್ಯ ಎತ್ತಿಕೊಂಡು ಇಬ್ಬರೂ ಬೇರೆ ಬೇರೆ ಗೇಟಿನಲ್ಲಿ ಒಳಗೆ ಹೋದರು.