ದೊಡ್ಡ ಮನೆ ಬೇಡ ಅಂದ ಅಕ್ಕ

ಬ್ಯಾಂಕಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಯಾರೋ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮ ಲಿಫ್ಟ್ ರಿಪೇರಿ ಕೆಲಸದವನು. ಮನೆ ಸಾಲ ತೀರಿತ್ತು. ಮನೆಯ ಪತ್ರ ವಾಪಸು ಪಡೆಯಲು ಬಂದಿದ್ದರು.

"ನನ್ನನ್ಯಾಕೋ ಎಳ್ಕೊಂಡು ಬಂದೆ?"

"ಇರಕ್ಕ. ಅವತ್ತು ಆ ದೊಡ್ಡ ಮನೆ ಬೇಡ, ಚಿಕ್ಕದು ತಗೋ ಅಂತ ತಡೆದೋಳು ನೀನೇ ಅಲ್ವಾ?"

"ತಡೆದಿದ್ದಕ್ಕೆ ನನ್ಜೊತೆ ಮಾತೇ ಬಿಟ್ಟಿದ್ದೆ."

"ನನ್ನ ಏಳಿಗೆ ಕಂಡು ನಿಂಗೆ ಹೊಟ್ಟೆಕಿಚ್ಚು ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದಲ್ಲ, ನೆಂಟರೆಲ್ಲರ ಮುಂದೆ ಬಾಯಿಬಿಟ್ಟೇ ಅಂದೆ."

ತಮ್ಮ ತಲೆ ತಗ್ಗಿಸಿ ನಕ್ಕ. "ಕೆಲಸದಲ್ಲಿ ಬಿದ್ದು ಸೊಂಟ ಮುರ್ಕೊಂಡು ಮಲಗಿದ್ನಲ್ಲ, ಆಗ ಬುದ್ಧಿ ಬಂತು. ಕಂತು ಸಣ್ಣದಿತ್ತು, ಹೆಂಡ್ತಿ ಒಬ್ಬಳ ಸಂಬಳದಲ್ಲೇ ಹೇಗೋ ನಡೀತು. ದೊಡ್ಡ ಮನೆ ತಗೊಂಡಿದ್ರೆ ಮಕ್ಕಳು ಮರಿ ಕಟ್ಕೊಂಡು ಬೀದಿಗೆ ಬೀಳ್ತಿದ್ವಿ."

"ಒಬ್ಬರ ದುಡಿಮೇಲಿ ಕಟ್ಟೋಕಾಗೋ ಅಷ್ಟೇ ಸಾಲ ಮಾಡು ಅಂದಿದ್ದೆ. ಅಂದೋಳು ನಾನು, ಹೊತ್ತೋಳು ಅವಳು. ಇವತ್ತು ಅವಳನ್ನ ಕರ್ಕೊಂಡು ಬರಬೇಕಿತ್ತು ನೀನು."

"ಅವಳೇ ಹೇಳಿ ಕಳ್ಸಿದ್ದು, 'ಪತ್ರ ಮೊದಲು ಅತ್ತಿಗೆ ಕೈಗೇ ಕೊಡ್ಸಿ' ಅಂತ."

ಅಕ್ಕ ತಮ್ಮನ ಕಡೆಗೆ ತಿರುಗಿ ಕೂತಳು.

"ಹಾಗಂದ್ಲಾ?"

"ಹೂಂ."

ಒಳಗಿನಿಂದ ಕರೆ ಬಂತು. ತಮ್ಮ ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದ. ಅಕ್ಕ ಅವನ ಮೊಣಕೈ ಹಿಡಿದು ನಡೆಸಿಕೊಂಡು ಹೋದಳು.

"ಮನೆ ಯಾರದ್ದಮ್ಮಾ?" ಎಂದು ಕೌಂಟರಿನವರು ಕೇಳಿದರು.

"ನನ್ನ ತಮ್ಮಂದು ಸಾರ್," ಎಂದಳು ಅಕ್ಕ, ಇಡೀ ಬ್ಯಾಂಕಿಗೆ ಕೇಳುವ ಹಾಗೆ. "ಅವನದ್ದೂ, ಅವನ ಹೆಂಡತೀದೂ."