ಉಂಡ ಹೊಲಕ್ಕೆ ಮುಯ್ಯಾಳು

ಒಂದೂರು. ಆ ಊರಲ್ಲೊಬ್ಬ ಸಾಹುಕಾರ. ಅವನಿಗಿದ್ದದ್ದು ಒಂದೇ ಹುಚ್ಚು, ತಿರುಗಾಟ. ವರ್ಷಕ್ಕೊಂದು ಸಲ ಬೀದಿಯವರನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಹೊರಟುಬಿಡೋನು. ಹೋದ ಕಡೆ ಏನು ಮಾಡ್ತಿದ್ರು? ಉಣ್ಣೋದು, ಫೋಟೋ ಹೊಡ್ಕೊಳ್ಳೋದು, ತಟ್ಟೆ ಬಾಟಲಿ ಅಲ್ಲೇ ಎಸೆದು ಬರೋದು. ನೋಡಿ, ಯಾರ ಕಥೆ ಹೇಳ್ತಿದ್ದೀನಿ ಅಂತ ಪಕ್ಕದವರ ಮುಖ ನೋಡಬೇಡಿ!

ಒಂದು ವರ್ಷ ಹೀಗೇ ಹೋಗ್ತಿದ್ದಾರೆ. ರಸ್ತೆ ಪಕ್ಕ ಹೊಲದ ತುಂಬ ಸೂರ್ಯಕಾಂತಿ ಅರಳಿ ನಿಂತಿದೆ. ‘ನಿಲ್ಸಪ್ಪಾ ಬಸ್ಸು!’ ಅಂದ ಸಾಹುಕಾರ. ಹಿಂದಿನ ದಿನದ ಮಳೆಗೆ ಹೊಲದ ತಗ್ಗಿನ ಕಡೆಯ ಬದು ನೆನೆದು ಮೆತ್ತಗಾಗಿತ್ತು. ಮಣ್ಣು ಹಳ್ಳಕ್ಕೆ ಜಾರದಂತೆ ಹಿಡಿದಿದ್ದ ಬದು ಅದು. ನಲವತ್ತು ಜನ ಅದರ ಮೇಲೇ ಹತ್ತಿದರು, ಕುಣಿದರು, ಸಾಲಾಗಿ ನಿಂತು ಹಲ್ಲು ಕಿರಿದರು. ಧೊಪ್ಪನೆ ಆರು ಮಾರು ಬದು ಕುಸಿದು ಹಳ್ಳಕ್ಕೆ ಬಿತ್ತು.

ಹೊಲದ ಯಜಮಾನಿ ಓಡಿ ಬಂದಳು. ಅವಳು ಮೊದಲು ಬದು ನೋಡಿದಳು, ಆಮೇಲೆ ಮೋಡ ನೋಡಿದಳು.

‘ಸಂಜೆಗೆ ಮಳೆ ಬತ್ತದೆ. ಇದು ಹಿಂಗೇ ಇದ್ರೆ ಹೂವಿರ್ಲಿ, ಹೊಲದ ಮಣ್ಣೇ ಹಳ್ಳಕ್ಕೆ ಹೋಯ್ತದೆ.’

ಸಾಹುಕಾರ ಜೇಬಿಗೆ ಕೈ ಹಾಕಿದ. ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

‘ದುಡ್ಡನ್ನ ನೀರಿಗೆ ಅಡ್ಡ ಇಡ್ಲಾ ಯಜಮಾನ್ರೆ? ನಂಗೆ ಬೇಕಾಗಿರೋದು ಆಳು. ಮೊದ್ಲು ಉಣ್ಣಿ. ಆಮೇಲೆ ಮುಯ್ಯಾಳಾಗಿ ಬನ್ನಿ.’

ಮುಯ್ಯಾಳು ಅಂದ್ರೆ ಈ ಮಠದಲ್ಲಿ ಕೂತಿರೋ ಹಿರಿಯರಿಗೆ ಗೊತ್ತು. ಇವತ್ತು ನಿನ್ನ ಹೊಲದಲ್ಲಿ ನಾನು ದುಡಿದರೆ, ನಾಳೆ ನನ್ನ ಹೊಲದಲ್ಲಿ ನೀನು. ಕೂಲಿ ಇಲ್ಲ, ಆ ಋಣ ಕೈಯಿಂದಲೇ ತೀರಬೇಕು.

ಅಕ್ಕಪಕ್ಕದ ಮನೆಗಳಿಂದ ಮುದ್ದೆ, ಹುರುಳಿಕಾಳಿನ ಸಾರು ಬಂತು. ಉಂಡವರು ಇನ್ನು ಯಾವ ಮುಖ ಹೊತ್ತು ಬಸ್ಸು ಹತ್ತೋದು? ಸಾಹುಕಾರ ಪಂಚೆ ಎತ್ತಿ ಕಟ್ಟಿ ಸನಿಕೆ ಹಿಡಿದ. ಹಿಡಿದು ಮಾಡಿದ್ದೇನು? ಗಿಡಗಳ ಬುಡದ ಮಣ್ಣನ್ನೇ ಅಗೆದು ಬದುವಿಗೆ ಸುರಿದ!

‘ಅಯ್ಯೋ ಶಿವ್ನೆ!’ ಯಜಮಾನಿ ಕೂಗಿದಳು. ‘ಹೊಲ ಬಗೆದು ಹೊಲ ಉಳಿಸ್ತೀರಾ? ನೀವು ಕೆಡವಿದ ಮಣ್ಣು ಹಳ್ಳದಲ್ಲಿ ಬಿದ್ದದೆ. ಅದ್ನ ಹೊತ್ತು ತನ್ನಿ!’

ಆ ಮಾತು ಸಾಹುಕಾರನಿಗೆ ನಾಟಿತು. ನೂರು ಊರು ಸುತ್ತಿದವನು, ಒಂದೂರಲ್ಲಾದರೂ ತಾನು ಕೆಡಿಸಿದ್ದನ್ನು ಸರಿಮಾಡಿ ಬಂದಿದ್ದನೇ? ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಹಳ್ಳಕ್ಕಿಳಿದ. ಅವನ ಹಿಂದೆ ಇಡೀ ಬೀದಿಯೇ ಇಳಿಯಿತು. ಬಾಂಡ್ಲಿ ಕೈಯಿಂದ ಕೈಗೆ ಹೋಯಿತು. ಕಲ್ಲು ಜೋಡಿಸಿದರು, ಮಣ್ಣು ಸುರಿದರು, ತುಳಿದರು. ಬೆಳಿಗ್ಗೆ ಕೆಡವಿದ ಕಾಲುಗಳೇ ಈಗ ಗಟ್ಟಿ ಮಾಡಿದವು! ಆರು ಮಾರು ಮುಗಿದ ಮೇಲೂ ಸಾಹುಕಾರ ನಿಲ್ಲಲಿಲ್ಲ. ‘ಇನ್ನೂ ಹೊತ್ತಿದೆ, ಸವೆದಿರೋ ಆ ಕಡೆ ಬದುವನ್ನೂ ಕಟ್ಟೋಣ’ ಅಂದ. ಕಟ್ಟಿದರು.

ಕೊನೆಯ ಬಾಂಡ್ಲಿ ಸುರಿಯೋದಕ್ಕೂ ಮಳೆ ಬರೋದಕ್ಕೂ ಸರಿಹೋಯಿತು. ಕೆಂಪು ನೀರು ಬಂದು ಬದುವಿಗೆ ಬಡಿಯಿತು. ಎಲ್ಲರೂ ಬಗ್ಗಿ ನೋಡಿದರು. ನಿಂತಿತು! ಬದು ನಿಂತಿತು, ಮಣ್ಣು ನಿಂತಿತು! ಸಾಹುಕಾರ ಮಳೆಯಲ್ಲೇ ಕಂಬಳ ಗೆದ್ದ ಕೋಣದ ಯಜಮಾನನ ಹಾಗೆ ಕೇಕೆ ಹಾಕಿದ.

ಕಥೆ ಮುಗೀಲಿಲ್ಲ. ಸುಗ್ಗಿ ಕಳೆದ ಮೇಲೆ ಸಾಹುಕಾರನ ಬೀದಿಗೆ ಒಂದು ಟ್ರ್ಯಾಕ್ಟರ್ ಬಂತು. ಇಳಿದದ್ದು ಯಾರು? ಅದೇ ಯಜಮಾನಿ, ಜೊತೆಗೆ ಇಪ್ಪತ್ತು ಜನ, ಕೈಯಲ್ಲಿ ಸನಿಕೆ. ‘ನೀವು ಕೆಡವಿದ್ದು ಆರು ಮಾರು, ಕಟ್ಟಿದ್ದು ಇಡೀ ಬದು. ಮಿಕ್ಕಿದ್ದಕ್ಕೆ ನಾವು ಮುಯ್ಯಾಳು. ಏನು ಕೆಲ್ಸ ಅದೆ ತೋರ್ಸಿ’ ಅಂದಳು. ಆ ಬೀದಿಯ ಬಾವಿ ಕಸದ ಗುಂಡಿಯಾಗಿತ್ತು. ಎರಡೂರಿನವರು ಸೇರಿ ಕಸ ಎತ್ತಿದರು, ಹೂಳು ಎತ್ತಿದರು. ತಳದಲ್ಲಿ ಸೆಲೆ ಒಡೆಯಿತು!

ಈಗ ನಿಮ್ಮ ಸರದಿ. ಬರೋ ಸೋಮವಾರ ನೀವೂ ಬಸ್ಸು ಮಾಡ್ಕೊಂಡು ಹೊರಟಿದ್ದೀರಿ. ಸಾಮಾನಿನ ಪಟ್ಟಿ ನನಗೂ ತೋರಿಸಿದ್ರಿ. ಚಕ್ಕುಲಿ ಇದೆ, ಇಸ್ಪೀಟೆಲೆಯೂ ಇದೆ. ಸನಿಕೆ ಇದೆಯಾ? ನೀವು ಬಂದುಹೋದ ಊರು ‘ಪೀಡೆ ತೊಲಗ್ತು’ ಅನ್ನಬೇಕೋ, ‘ಮತ್ತೆ ಯಾವಾಗ ಬರ್ತೀರಿ’ ಅನ್ನಬೇಕೋ? ಎಲ್ಲಿ ಉಂಡಿರೋ ಅಲ್ಲಿ ಒಂದು ಗಳಿಗೆ ದುಡಿಯಿರಿ. ಕೆಡಿಸಿದ್ದಕ್ಕಿಂತ ಒಂದು ಮಾರು ಹೆಚ್ಚು ಕಟ್ಟಿ. ನೆಂಟರ ಮನೆಗೆ ಹೋದರೂ ಅಷ್ಟೇ.

ನಾಳೆ ಅನ್ನಬೇಡಿ. ಈಗ ಪ್ರಸಾದ ಉಣ್ತೀರಲ್ಲ, ಉಂಡವರು ಮಠದ ಹಿಂದಿನ ತೋಟಕ್ಕೆ ಒಂದೊಂದು ಬಾಂಡ್ಲಿ ಗೊಬ್ಬರ ಹಾಕಿ ಹೋಗಿ. ಬಾಗಿಲಲ್ಲೇ ಇಟ್ಟಿದ್ದೀನಿ. ಮೊದಲನೆಯದು ನಾನೇ ಹೊರ್ತೀನಿ. ಏಳಿ!